ಸಂಪಿಗೆ ಮರದ ಕೊರಳಿಗೆ ಸಿಮೆಂಟಿನ ಉರುಳು!

ಬಸ್‌ ಸ್ಟ್ಯಾಂಡ್ ಹಿಂದಿನ ಬಡಾವಣೆಯಲ್ಲಿ ಮೂಗಿನಿಂದಲೇ ಗುರುತು ಸಿಗುತ್ತಿದ್ದ ಮನೆ ಅದು. ಅಂಗಳದ ಸಂಪಿಗೆ ಹೂ ಬಿಟ್ಟರೆ ಇಡೀ ಬೀದಿಗೇ ಘಮ. ಎರಡು ವರ್ಷದಿಂದ ಹೂವೂ ಇಲ್ಲ, ಘಮವೂ ಇಲ್ಲ. ಎಲೆ ಹಳದಿ, ತುದಿ ಕೊಂಬೆ ಬೋಳು. "ಒಣಗೋ ಮರ, ಕಡಿದು ಸೌದೆಗೆ ಹಾಕಿ" ಅಂತ ಅಕ್ಕಪಕ್ಕದವರ ಸಲಹೆ. ಮರದ ವ್ಯಾಪಾರಿಯೊಬ್ಬ ರೇಟೂ ಹೇಳಿ ಹೋಗಿದ್ದಾನಂತೆ! ಮನೆಯ ಅಜ್ಜಿ ಮಾತ್ರ ಜಪ್ಪಯ್ಯ ಅಂದರೂ ಒಪ್ಪುತ್ತಿಲ್ಲ. ನಮ್ಮ ಓಟು ಅಜ್ಜಿಗೆ.

ಯಾಕೆಂದರೆ ಮರ ಇನ್ನೂ ಸತ್ತಿಲ್ಲ. ಅದನ್ನು ತಿಳಿಯಲು ಪಂಡಿತರು ಬೇಕಿಲ್ಲ, ಉಗುರು ಸಾಕು. ಎಳೆ ಕೊಂಬೆಯ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಉಂಟು. ಕಂದು ತಿರುಗಿ ಪಟ್ಟನೆ ಮುರಿದರೆ ಆ ಕೊಂಬೆಯ ಕಥೆ ಮುಗೀತು. ಆದರೆ ಕೊಂಬೆ ಸತ್ತರೆ ಮರ ಸತ್ತಂತಲ್ಲ, ಕೆಳಗೆ ಕೆಳಗೆ ಕೆರೆಯುತ್ತಾ ಬನ್ನಿ.

ಹಾಗಾದರೆ ಕಾಯಿಲೆ ಏನು? ಬುಡ ನೋಡಿದರೆ ಗೊತ್ತಾಗುತ್ತೆ. ಮನೆ ರಿಪೇರಿಯಲ್ಲಿ ಅಂಗಳಕ್ಕೆ ಒಂದಡಿ ಮಣ್ಣು, ಗಾರೆ ಚೂರು ತುಂಬಿ ಕಾಂಡಕ್ಕೆ ತಾಗುವಂತೆ ಸಿಮೆಂಟ್ ಬಳಿದಿದ್ದಾರೆ. ಸ್ಕೂಟರ್ ನಿಲ್ಲಿಸಲು ಜಾಗ ಬೇಕಲ್ಲ! ಬೇರಿಗೂ ಉಸಿರಾಟ ಉಂಟು ಸ್ವಾಮಿ. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಇರುವುದು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ. ಮುಚ್ಚಳ ಹಾಕಿದರೆ ಗಾಳಿಯೂ ಇಲ್ಲ, ಮಳೆ ನೀರೂ ಇಲ್ಲ. ಜೊತೆಗೆ ಗಾರೆಯ ಸುಣ್ಣ. ಸಂಪಿಗೆಗೆ ತುಸು ಹುಳಿ ಮಣ್ಣು ಹಿತ. ಸುಣ್ಣ ಸೇರಿದರೆ ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದೂ ಬೇರಿಗೆ ದಕ್ಕೋದಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದು ಇದರ ಗುರುತು. ಕೆಳಗಿನ ಹಳೆ ಎಲೆಗಳೇ ಮೊದಲು ಹಳದಿಯಾದರೆ ಸಾರಜನಕದ ಕೊರತೆಯ ಅನುಮಾನ.

ಮದ್ದು ಅಂದರೆ ಮೊದಲು ಹಾರೆ. ಕಾಂಡದ ಸುತ್ತ ಕನಿಷ್ಠ 3 ಅಡಿ ಸಿಮೆಂಟ್ ಒಡೆಸಿ. ಬೇರು ಕಡೀಬೇಡಪ್ಪಾ ಅಂತ ಆಳಿಗೆ ಮೊದಲೇ ಹೇಳಿ. ತುಂಬಿದ ಮಣ್ಣನ್ನು ಕೈಯಲ್ಲೇ ಬಿಡಿಸಿ ತೆಗೆಯಿರಿ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ಹೊರಗೆ ಕಾಣಬೇಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ, ಮೇಲೆ ಒಣ ಎಲೆ ಹೊದಿಸಿ, ಕಾಂಡಕ್ಕೆ ತಾಗದಂತೆ. ಹಸಿ ಸಗಣಿ ಬೇಡ, ಹಿಡಿಗಟ್ಟಲೆ ಯೂರಿಯಾ ಅಂತೂ ಬೇಡವೇ ಬೇಡ, ನರಳುವ ಬೇರು ಸುಟ್ಟು ಹೋದೀತು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆಳಕ್ಕಿಳಿಯುವಂತೆ ನೀರು ಬಿಡಿ. ದಿನಾ ಒಂದು ಚೊಂಬು ಸುರಿಯುವುದು ನಮ್ಮ ಸಮಾಧಾನಕ್ಕೆ ಅಷ್ಟೆ. ಸತ್ತ ಕೊಂಬೆ ಬಿಟ್ಟು ಬೇರೇನೂ ಕತ್ತರಿಸಬೇಡಿ.

ಇರುವೆ ಸಾಲು ಮೇಲೆ ಕೆಳಗೆ ಓಡಾಡುತ್ತಾ ಎಲೆಗೆ ಮಸಿ ಹಿಡಿದಿದ್ದರೆ ಕೊಂಬೆಗೆ ಹುರುಪೆಯಂತೆ ಅಂಟಿದ ಕೀಟ ಹುಡುಕಿ. ಬೇವಿನೆಣ್ಣೆಯನ್ನು ಸೋಪಿನ ನೀರಲ್ಲಿ ಕಲಸಿ ಸಂಜೆ ಹೊತ್ತು ಸಿಂಪಡಿಸಿ.

ತಿಂಗಳೊಪ್ಪತ್ತಿನಲ್ಲಿ ಹೂ ಕೇಳಬೇಡಿ. ಎರಡು ಮಳೆಗಾಲವೂ ಹಿಡಿಯಬಹುದು. ಅಷ್ಟು ತಾಳ್ಮೆ ಇಲ್ಲ, ಕೊಡಲಿಯೇ ಸರಿ ಅನ್ನುವವರಿಗೆ ಒಂದು ಮಾತು: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಪ್ರಕಾರ, ವಿನಾಯಿತಿ ಇರುವ ಕೆಲ ಜಾತಿ ಬಿಟ್ಟರೆ, ಸ್ವಂತ ಅಂಗಳದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ವ್ಯಾಪಾರಿ ರೇಟು ಹೇಳುವಾಗ ಇದನ್ನು ಹೇಳಿರಲಿಕ್ಕಿಲ್ಲ.