ಆದವಾನಿ ಸೀಮೆಯ ಒಂದನೇ ತರಗತಿಯಲ್ಲಿ ಓದು ಬರಹ

ಆದವಾನಿ, ಆಲೂರು, ಕೌತಾಳಂ, ಹೊಳಗುಂದ, ಹಾಲಹರ್ವಿ ಕಡೆಯ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗೆ ಸೇರುವ ಮಗು ಮೂರು ಲಿಪಿಗಳನ್ನು ಹೆಚ್ಚುಕಡಿಮೆ ಒಟ್ಟಿಗೇ ಎದುರಿಸುತ್ತದೆ. ಪಾಠ ಕನ್ನಡದಲ್ಲಿ ನಡೆಯುತ್ತದೆ. ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಗ್ರಾಮ ಸಚಿವಾಲಯದ ಗೋಡೆಬರಹ ತೆಲುಗಿನಲ್ಲಿರುತ್ತವೆ. ಇವುಗಳ ಜೊತೆಗೆ ಇಂಗ್ಲಿಷ್ ಅಕ್ಷರಗಳೂ ಬರುತ್ತವೆ. ಆದವಾನಿಯ ಪಡುವಣ ಬದಿಯ ಪೆದ್ದಹರಿವಾಣಂ ಸುತ್ತಿನ ಊರುಗಳಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಇಂಥ ಕಡೆ ಓದು ಬರಹ ಕಲಿಸುವ ಕೆಲಸ ಕರ್ನಾಟಕದ ಒಳನಾಡಿನ ತರಗತಿಗಿಂತ ತುಸು ಕಷ್ಟದ್ದು. ಆದರೆ ಒಳನಾಡಿನಲ್ಲಿ ಸಿಗದ ಒಂದು ಅನುಕೂಲವೂ ಇಲ್ಲಿದೆ: ಮಗುವಿಗೆ ಬೇಕಾದ ಎರಡು ಲಿಪಿಗಳು ಒಂದೇ ಬೇರಿನಿಂದ ಬಂದವು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅದರ ಪಾಲಾದವು. ಮೊದಲ ಎರಡು ಕರ್ನೂಲು ಜಿಲ್ಲೆಗೂ ರಾಯದುರ್ಗ ಅನಂತಪುರ ಜಿಲ್ಲೆಗೂ ಸೇರಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲೇ ಕಲಿಸುವ ಅನುಕೂಲ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎನ್ನುವ 350ಎ ವಿಧಿ 1956ರ ತಿದ್ದುಪಡಿಯಿಂದ ಸಂವಿಧಾನದೊಳಗೆ ಬಂತು. ಗಡಿಯ ಕನ್ನಡ ಶಾಲೆಗಳಿಗೆ ಕಾನೂನಿನ ಬಲ ಸಿಗುವುದು ಅಲ್ಲಿಂದ.

ಈ ಸೀಮೆಯಲ್ಲಿ ಅಕ್ಷರ ಕಲಿಸುತ್ತಿದ್ದ ಬಗೆಯ ಕುರಿತು ಅಪರೂಪದ ಹಳೆಯ ದಾಖಲೆಯೊಂದಿದೆ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದ. ಆದವಾನಿಯೂ ಒಳಗೊಂಡಿದ್ದ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳಿಸಿದ ವರದಿಯ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. 235ರಲ್ಲಿ ಕನ್ನಡ, 226ರಲ್ಲಿ ತೆಲುಗು ಕಲಿಸುತ್ತಿದ್ದರು. ಓದುತ್ತಿದ್ದ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಅಕ್ಷರವನ್ನು ಬಾಯಲ್ಲಿ ಹೇಳಿಸುವುದಕ್ಕಿಂತ ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದಿಸುತ್ತಿದ್ದರು. ಬೆರಳು ಪಳಗಿದ ಮೇಲೆ ಓಲೆಗರಿ ಮತ್ತು ಕಂಠ (ಬರೆಯುವ ಕಬ್ಬಿಣದ ಕಡ್ಡಿ), ಕಾಗದ, ಇಲ್ಲವೇ ಕಡತ. ಬಟ್ಟೆಗೆ ಇದ್ದಿಲು ಮತ್ತು ಅಂಟಿನ ಸರಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಾಡಿಕೊಂಡ ಕಪ್ಪು ಹೊತ್ತಿಗೆಯೇ ಕಡತ. ಅದರ ಮೇಲೆ ಬಳಪದಿಂದ ಬರೆದು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಮುಂದೆ ಕಲಿತ ಮಕ್ಕಳು ಹಿಂದಿನವರಿಗೆ ಕಲಿಸುತ್ತಿದ್ದ ಏರ್ಪಾಡನ್ನು ಕ್ಯಾಂಪ್‌ಬೆಲ್ ಮನಸಾರೆ ಹೊಗಳಿದ್ದಾನೆ. ಮದ್ರಾಸಿನ ಅನಾಥ ಬಾಲಕರ ಶಾಲೆಯಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಈ ಪದ್ಧತಿಯನ್ನು ಅಳವಡಿಸಿಕೊಂಡು, 1797ರಲ್ಲಿ ಅದರ ಬಗ್ಗೆ ಹೊತ್ತಿಗೆ ಪ್ರಕಟಿಸಿ, ಇಂಗ್ಲೆಂಡಿನ ಶಾಲೆಗಳಿಗೆ ಮುಟ್ಟಿಸಿದ್ದ.

ಅದೇ ವರದಿಯಲ್ಲಿ ಒಂದು ದೂರೂ ಇದೆ. ಮಕ್ಕಳು ಪದ್ಯಗ್ರಂಥಗಳನ್ನು ಬಾಯಿಪಾಠ ಮಾಡುತ್ತಿದ್ದರು, ಆ ಭಾಷೆ ಮಾತಿನ ಭಾಷೆಗಿಂತ ದೂರವಿದ್ದುದರಿಂದ ಅರ್ಥ ಮಾತ್ರ ಅವರಿಗೆ ದಕ್ಕುತ್ತಿರಲಿಲ್ಲ ಎಂಬುದು ಆ ದೂರು. ಎರಡು ನೂರು ವರ್ಷ ಕಳೆದ ಮೇಲೂ ಅದನ್ನು ಹಳೆಯದೆಂದು ಬದಿಗಿಡಲು ಬರುವುದಿಲ್ಲ. ಪುಟವನ್ನು ಗಟ್ಟಿಯಾಗಿ ಓದಿ ಮುಗಿಸಿ, ಏನು ಓದಿದೆ ಎಂದು ಕೇಳಿದರೆ ಸುಮ್ಮನೆ ನಿಲ್ಲುವ ಮಗು ಇಂದೂ ಎಷ್ಟೋ ಶಾಲೆಗಳಲ್ಲಿ ಸಿಗುತ್ತದೆ. ಅಕ್ಷರ ಗುರುತಿಸುವುದು ಮತ್ತು ಅರ್ಥ ಹಿಡಿಯುವುದು ಮೊದಲ ದಿನದಿಂದಲೇ ಜೊತೆಯಾಗಿ ನಡೆಯದಿದ್ದರೆ ಮುಂದೆ ಎಷ್ಟು ವರ್ಷ ಓದಿಸಿದರೂ ಈ ಕೊರತೆ ತುಂಬುವುದು ಕಷ್ಟ.

ಓದಿನ ತಯಾರಿ ಕಿವಿಯಲ್ಲಿ ನಡೆಯುತ್ತದೆ. ಪದವನ್ನು ತುಂಡು ಮಾಡಿ ಚಪ್ಪಾಳೆ ತಟ್ಟುವುದು, ಒಂದೇ ಸದ್ದಿನಿಂದ ಶುರುವಾಗುವ ಪದಗಳನ್ನು ಹುಡುಕುವುದು, ಒಗಟು, ಪ್ರಾಸದ ಹಾಡು, ಅಂತ್ಯಾಕ್ಷರಿ ಎಲ್ಲವೂ ಅಕ್ಷರಕ್ಕೆ ಮುಂಚಿನ ಪಾಠಗಳೇ. ಇಲ್ಲಿ ಕಲಿಸುವವರ ಗಮನಕ್ಕೆ ಬರಬೇಕಾದ ಒಂದು ಸೂಕ್ಷ್ಮವಿದೆ. ಹೊಲದಲ್ಲಿ ದಿನವೂ ನೋಡುವ ಹತ್ತಿಯನ್ನೇ ತೆಗೆದುಕೊಂಡರೆ, ಮಗುವಿನ ಬಾಯಿ ಅದನ್ನು ‘ಹತ್’, ‘ತಿ’ ಎಂದು ಒಡೆಯುತ್ತದೆ. ಬರಹ ಅದನ್ನು ‘ಹ’, ‘ತ್ತಿ’ ಎಂದು ಒಡೆಯುತ್ತದೆ. ಬಾಯಿಯ ತುಂಡಿಗೂ ಹಾಳೆಯ ಮೇಲಿನ ತುಂಡಿಗೂ ಇರುವ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ತೋರಿಸದೇ ಹೋದರೆ ಒತ್ತಕ್ಷರ ಮಗುವಿಗೆ ಕೊನೆತನಕ ಒಗಟಾಗಿಯೇ ಉಳಿಯುತ್ತದೆ. ಮನೋವಿಜ್ಞಾನಿ ಸೋನಾಲಿ ನಾಗ್ ಕನ್ನಡ ಮಕ್ಕಳ ಓದಿನ ಮೇಲೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹೊಂದುವ ಮಾತು ಹೇಳುತ್ತದೆ. ಕನ್ನಡದ ಮಕ್ಕಳು ಅಕ್ಷರಗಾತ್ರದ ಸದ್ದನ್ನು ಬೇಗ ಹಿಡಿಯುತ್ತಾರೆ. ಅದರೊಳಗಿನ ಬಿಡಿ ಧ್ವನಿಯನ್ನು ಬೇರ್ಪಡಿಸುವುದು ನಿಧಾನವಾಗಿ ಬರುತ್ತದೆ. ಅಕ್ಷರಗಳ ಪೂರ್ತಿ ಹಿಡಿತಕ್ಕೆ ಒಂದು ವರ್ಷ ಸಾಲದು, ಅದು ಮೂರು ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ. ಒಂದನೇ ತರಗತಿಯ ಕೊನೆಗೆ ಎಲ್ಲವೂ ಬಂದಿರಬೇಕೆಂದು ಮಗುವನ್ನು ಗದರಿಸುವುದಕ್ಕೆ ಆಧಾರವೇ ಇಲ್ಲ.

ಕನ್ನಡದ ವರ್ಣಮಾಲೆ 49 ಅಕ್ಷರಗಳದ್ದು. ಅದು ಧ್ವನಿ ಹುಟ್ಟುವ ಸ್ಥಾನಕ್ಕೆ ತಕ್ಕಂತೆ ಜೋಡಿಸಿದ ಸೊಗಸಾದ ವ್ಯವಸ್ಥೆ. ಆದರೆ ಕಲಿಯುವ ಕ್ರಮ ಅದೇ ಆಗಿರಬೇಕಿಲ್ಲ. ಅ ಆ ಇ ಈ ಎಂದು ಹೊರಟ ಮಗು ಹಲವು ವಾರ ಕಳೆದರೂ ಒಂದು ಪದ ಓದಲಾರದು, ಏಕೆಂದರೆ ಆ, ಈ ಎಂಬಂಥವನ್ನು ಬಿಟ್ಟರೆ ಬರೀ ಸ್ವರಗಳಿಂದ ಕನ್ನಡದ ಪದಗಳಾಗುವುದಿಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ಈ ಕ್ರಮವನ್ನು ಬದಲಿಸಿತು. ಅದರಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದು ಕೈಗೆ ಬಂದರೆ ಸರ, ದರ, ಅರಸ, ಅಗಸ, ಗರಗಸ ಎಂಬ ಪದಗಳು ಕೂಡಲೇ ಸಿಗುತ್ತವೆ. ಅಕ್ಷರ ಕಲಿತ ವಾರದಲ್ಲೇ ಮಗು ಓದುಗನಾಗುತ್ತದೆ. ನಲಿ-ಕಲಿಗೆ ಮಾದರಿ ಸಿಕ್ಕಿದ್ದು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯಲ್ಲಿ. ಹಳ್ಳಿಯ ಬಹುವರ್ಗ ಶಾಲೆಗಳಿಗಾಗಿ ಅಲ್ಲಿ ರೂಪಿಸಿದ ಕಾರ್ಡು ಮತ್ತು ಕಲಿಕೆಯ ಏಣಿಯನ್ನು ಹೆಗ್ಗಡದೇವನಕೋಟೆಯ ಶಿಕ್ಷಕರು ನೋಡಿ ಬಂದು ಕನ್ನಡಕ್ಕೆ ಹೊಂದಿಸಿಕೊಂಡರು. ರಾಯಲಸೀಮೆಯಲ್ಲಿ ಬೆಳೆದ ಒಂದು ವಿಧಾನ ಹೀಗೆ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಅದನ್ನು ಆದವಾನಿಯ ಕನ್ನಡ ತರಗತಿಗೆ ತರುವುದರಲ್ಲಿ ಹೊರಗಿನದನ್ನು ಹೇರುವ ಪ್ರಶ್ನೆ ಬರುವುದಿಲ್ಲ.

ಮುಂದಿನ ಮೆಟ್ಟಿಲು ಕಾಗುಣಿತ. 34 ವ್ಯಂಜನಗಳಿಗೆ ಸ್ವರಗಳು ಸೇರಿ ನಾನೂರಕ್ಕೂ ಹೆಚ್ಚು ರೂಪಗಳಾಗುತ್ತವೆ. ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು ಎಂದು ರಾಗವಾಗಿ ಹೇಳಿಸುವುದು ಹಳೆಯ ರೂಢಿ. ಅದನ್ನು ಮೂಢ ಉರುಹೊಡೆತವೆಂದು ತಳ್ಳಿಹಾಕುವುದು ತಪ್ಪು. ಪ್ರತಿ ಗುರುತಿಗೂ ಒಂದು ಹೆಸರಿದೆ, ಅದು ಹೆಚ್ಚುಕಡಿಮೆ ಎಲ್ಲ ವ್ಯಂಜನಗಳಿಗೂ ಒಂದೇ ಬಗೆಯಲ್ಲಿ ಸೇರುತ್ತದೆ ಎಂಬ ತಿಳಿವು ಆ ರಾಗದಲ್ಲೇ ಇದೆ. ಕೆಡುವುದು ಅದು ಸಾಲಿನಲ್ಲೇ ಉಳಿದಾಗ. ಕ ದಿಂದ ಕಃ ವರೆಗೆ ತಡೆಯಿಲ್ಲದೆ ಹೇಳುವ ಮಗುವಿಗೆ ನಡುವಿನ ‘ಕೊ’ ಒಂದನ್ನೇ ಬರೆದು ತೋರಿಸಿದರೆ ಮೊದಲಿನಿಂದ ಎಣಿಸಿಕೊಂಡು ಬರಬೇಕಾಗುತ್ತದೆ. ಒಂದು ಗುರುತನ್ನು ಕಲಿತಿರುವ ಅಕ್ಷರಗಳಿಗೆಲ್ಲ ಹಚ್ಚಿ ನೋಡಿಸುವುದು, ಕಾಲು, ಬಾಲ, ಮಾವ, ರಾಗಿ ಎಂದು ಪದಗಳಲ್ಲೇ ಇಳಿಯನ್ನು ಹುಡುಕಿಸುವುದು ಇದಕ್ಕೆ ಮದ್ದು. ಅಪವಾದಗಳನ್ನು ಕಾರಣ ಸಮೇತ ಹೇಳಬೇಕು. ಪು, ವು ಬರೆಯುವಾಗ ಕೊಂಬು ಬೇರೆ ಅಕ್ಷರಗಳಲ್ಲಿದ್ದಂತೆ ಬಲಕ್ಕೆ ಅಂಟದೆ ಅಡಿಯಿಂದ ಹೊರಡುತ್ತದೆ. ವಕಾರಕ್ಕೆ ಬಲಬದಿಯಲ್ಲಿ ಕೊಂಬು ಕೊಟ್ಟರೆ ಅದು ಮಕಾರವಾಗಿಬಿಡುತ್ತದೆ. ಕಾರಣ ತಿಳಿದ ಮಗು ಇದನ್ನು ಮತ್ತೆ ಮರೆಯುವುದಿಲ್ಲ.

ಒತ್ತಕ್ಷರವನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಕೊನೆಗೆ ಇಡುತ್ತವೆ. ಆದರೆ ಅಮ್ಮ, ಅಪ್ಪ, ಅವ್ವ, ಅಕ್ಕ, ಅಣ್ಣ, ಅಜ್ಜ, ಅನ್ನ, ಹತ್ತಿ, ರೊಟ್ಟಿ, ಎಲ್ಲದರಲ್ಲೂ ಒತ್ತಕ್ಷರವಿದೆ. ಈರಣ್ಣ, ಮಲ್ಲಮ್ಮ, ಲಕ್ಷ್ಮಿ ಎಂದು ಹೆಸರಿರುವ ಮಕ್ಕಳು ಅದಿಲ್ಲದೆ ತಮ್ಮ ಹೆಸರನ್ನೂ ಬರೆಯಲಾರರು. ಆದ್ದರಿಂದ ಇಂಥ ಪದಗಳನ್ನು ಒಂದನೇ ತರಗತಿಯಲ್ಲಿಯೇ ಇಡಿಯಾಗಿ ತೋರಿಸಿ, ಕಣ್ಣಿಗೆ ಪರಿಚಯ ಮಾಡಿಸಿ, ನಿಯಮವನ್ನು ಆಮೇಲೆ ಹೇಳುವುದು ಸರಿಯಾದ ದಾರಿ. ಕಕ್ಕೆ ಕ, ಗಕ್ಕೆ ಗ ಎಂಬಂಥ ಒತ್ತುಗಳು ಮೂಲ ರೂಪವನ್ನೇ ಹೋಲುವುದರಿಂದ ಸುಲಭ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲವನ್ನು ಹೋಲುವುದಿಲ್ಲ. ಅವನ್ನು ಒಂದೊಂದಾಗಿಯೇ ಕಲಿಸಬೇಕು. ಸ್ವರದ ಗುರುತು ಕೂರುವ ಜಾಗವೂ ಮಗುವನ್ನು ಮೋಸಗೊಳಿಸುತ್ತದೆ. ‘ಆಸ್ತಿ’ಯಲ್ಲಿ ಗುಡಿಸು ಮೇಲಿನ ಸಕಾರದ ತಲೆಯ ಮೇಲಿದೆ, ಸದ್ದು ಮಾತ್ರ ಕೆಳಗಿನ ತಕಾರದ್ದು. ಕಣ್ಣಿಗೆ ಕಂಡಂತೆ ಓದುವ ಮಗು ‘ಆಸಿತ’ ಎನ್ನುತ್ತದೆ. ಇದು ದಡ್ಡತನದ ಗುರುತಲ್ಲ, ಕಂಡದ್ದನ್ನು ನಂಬಿ ಓದುವ ಮಗುವಿನ ಸಹಜ ತಪ್ಪು. ತಿದ್ದುವ ದಾರಿಯೂ ಅದರಲ್ಲೇ ಇದೆ: ಮೇಲಿನದನ್ನು ಅರ್ಧ ಹೇಳು, ಕೆಳಗಿನದಕ್ಕೆ ಸ್ವರ ಕೊಡು.

ತೆಲುಗು ಲಿಪಿ ಸೇರುವ ಹಂತ ಈ ಸೀಮೆಗೇ ವಿಶೇಷವಾದದ್ದು. ಎರಡೂ ಲಿಪಿಗಳು ಒಂದೇ ಹಳೆಯ ತೆಲುಗು-ಕನ್ನಡ ಲಿಪಿಯಿಂದ ಕವಲೊಡೆದವು. ಗ, ಡ, ದ, ಬ, ಮ, ಯ, ರ, ಲ ಇವೆಲ್ಲ ಇವತ್ತಿಗೂ ಬಹುಪಾಲು ಒಂದೇ. ಕ, ತ, ಶ ಸ್ಪಷ್ಟವಾಗಿ ಬೇರೆ. ತಲೆಕಟ್ಟು ಕನ್ನಡದಲ್ಲಿ ಅಡ್ಡಗೆರೆಯಾಗಿ ಬಲಕ್ಕೆ ಕೊಂಕುತ್ತದೆ, ತೆಲುಗಿನಲ್ಲಿ ಸರಿ ಹಾಕುವ ಗುರುತಿನಂತೆ ಮೇಲಕ್ಕೆ ಏಳುತ್ತದೆ. ದೀರ್ಘವನ್ನು ಕನ್ನಡ ‘ಕೀ’, ‘ಕೇ’ಗಳಲ್ಲಿ ಪಕ್ಕದಲ್ಲಿ ಬೇರೆ ಗುರುತಾಗಿ ಬರೆಯುತ್ತದೆ, ತೆಲುಗು ಅದನ್ನು ಅಕ್ಷರದ ತಲೆಯ ಮೇಲೆಯೇ ತೋರಿಸುತ್ತದೆ. ಸೂರ್ಯ, ಧರ್ಮ ಎಂಬ ಪದಗಳು ಎರಡೂ ಭಾಷೆಗಳಲ್ಲಿವೆ. ಕನ್ನಡದಲ್ಲಿ ಮೊದಲು ಕೇಳುವ ರಕಾರವನ್ನು ಅರ್ಕಾವೊತ್ತಾಗಿ ಕೊನೆಗೆ ಬರೆಯುವುದು ರೂಢಿ, ತೆಲುಗಿನಲ್ಲಿ ರಕಾರವನ್ನು ಪೂರ್ತಿ ಬರೆದು ಮುಂದಿನದನ್ನು ಅದರಡಿ ಒತ್ತಾಗಿ ಇಡುತ್ತಾರೆ. ಎರಡನ್ನೂ ಕಲಿಯುವ ಮಗುವಿನ ನೋಟ್‌ಬುಕ್ಕಿನಲ್ಲಿ ಕನ್ನಡದ ಪದಕ್ಕೆ ತೆಲುಗಿನ ತಲೆಕಟ್ಟು ಬರುವುದು ಲಿಪಿಗಳ ಈ ಹೋಲಿಕೆಯಿಂದಲೇ.

ಎರಡು ಲಿಪಿಗಳನ್ನು ಒಂದೇ ತಿಂಗಳಲ್ಲಿ ಶುರು ಮಾಡಿದರೆ ಈ ಗೊಂದಲ ಬೇರೂರುತ್ತದೆ. ಕನ್ನಡದಲ್ಲಿ ಚಿಕ್ಕ ಕಥೆಯೊಂದನ್ನು ತಡವರಿಸದೆ ಓದುವ ಮಟ್ಟ ಮುಟ್ಟಿದ ಮೇಲೆ ತೆಲುಗು ಹಿಡಿದರೆ ಹೆಚ್ಚಿನ ಅಕ್ಷರಗಳು ಪುಕ್ಕಟೆಯಾಗಿ ಸಿಗುತ್ತವೆ. ಆಗ ಕಲಿಸಬೇಕಾದದ್ದು ವ್ಯತ್ಯಾಸಗಳನ್ನು ಮಾತ್ರ. ಎರಡೂ ಲಿಪಿಯ ಅಕ್ಷರಗಳನ್ನು ಅಕ್ಕಪಕ್ಕದಲ್ಲಿ ಬರೆದ ದೊಡ್ಡ ಹಾಳೆಯೊಂದು ಗೋಡೆಯ ಮೇಲಿದ್ದರೆ ಮಕ್ಕಳೇ ಅವುಗಳನ್ನು ಹೋಲಿಸುತ್ತಾರೆ. ತೆಲುಗನ್ನು ಬಲ್ಲ ಕನ್ನಡ ಶಿಕ್ಷಕರು ಇಲ್ಲಿ ಇರುವುದರಿಂದ ಈ ಕೆಲಸಕ್ಕೆ ಹೊರಗಿನ ತರಬೇತಿಗೆ ಕಾಯಬೇಕಾಗಿಲ್ಲ.

ಬರವಣಿಗೆಯಲ್ಲಿ ಕೈಬರಹ ಬೇರೆ, ಬರಹ ಬೇರೆ. ದುಂಡಾಗಿ ಬರೆಯಲು ಮರಳು, ಪಾಟಿ, ಬಳಪ ಇಂದಿಗೂ ಒಳ್ಳೆಯ ಸಾಧನಗಳು; ತಪ್ಪಿದ್ದು ಅಳಿಸಿಹೋಗುವುದರಿಂದ ಮಗುವಿಗೆ ಅಂಜಿಕೆ ಇರುವುದಿಲ್ಲ. ಆದರೆ ಬೋರ್ಡಿನ ಮೇಲಿನದನ್ನು ಹತ್ತು ಸಲ ನಕಲು ಮಾಡಿಸುವುದು ಬರಹದ ಪಾಠವಾಗುವುದಿಲ್ಲ. ತಾನು ಕಂಡದ್ದನ್ನು ತನ್ನ ಮಾತಿನಲ್ಲಿ ಎರಡು ಸಾಲು ಬರೆದಾಗ ಅದು ಬರಹ. ಆ ಸಾಲಿನಲ್ಲಿ ‘ಇದೆ’ ಎನ್ನುವಲ್ಲಿ ‘ಐತಿ’ ಎಂದಿರಬಹುದು, ‘ಹಾಲು’ ‘ಆಲು’ ಆಗಿರಬಹುದು, ‘ಅವ್ವ’ ‘ಅವವ’ ಆಗಿರಬಹುದು. ಮನೆಮಾತನ್ನು ಹಾಗೇ ಒಪ್ಪಿಕೊಂಡು, ಮೊದಲು ಬರೆದ ವಿಷಯಕ್ಕೆ ಉತ್ತರ ಕೊಟ್ಟು, ಆಮೇಲೆ ಒಂದೋ ಎರಡೋ ತಪ್ಪನ್ನು ತಿದ್ದುವ ಶಿಕ್ಷಕರ ತರಗತಿಯಲ್ಲಿ ಮಕ್ಕಳು ಬರೆಯುತ್ತಲೇ ಇರುತ್ತಾರೆ. ಮಹಾಪ್ರಾಣಗಳು ಹಳ್ಳಿಯ ಮಾತಿನಲ್ಲಿ ಬಹಳ ಮಟ್ಟಿಗೆ ಕೇಳಿಸುವುದೇ ಇಲ್ಲ. ಕಿವಿಗೆ ಬೀಳದ್ದನ್ನು ಕೈಯಿಂದ ನಿರೀಕ್ಷಿಸುವ ಮೊದಲು ಕಣ್ಣಿಗೆ ಬೇಕಾದಷ್ಟು ಓದು ಸಿಗಬೇಕು.

ಹತ್ತಿ ಬಿಡಿಸಲು, ಗುಂಟೂರಿನ ಕಡೆ ಮೆಣಸಿನಕಾಯಿ ಕೀಳಲು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಎಂದು ಈ ಭಾಗದ ಕುಟುಂಬಗಳು ಗುಳೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಕೆಲವು ತಿಂಗಳ ನಂತರ ಮರಳಿದ ಮಗುವಿಗೆ ತರಗತಿಯ ಪುಸ್ತಕ ಎಟುಕುವುದಿಲ್ಲ. ಇಂಥ ಕಡೆ ವಯಸ್ಸು, ತರಗತಿ ನೋಡದೆ ಮಗು ಇರುವ ಮಟ್ಟ ನೋಡಿ ಗುಂಪು ಮಾಡುವ ಪ್ರಥಮ್ ಸಂಸ್ಥೆಯ ವಿಧಾನ ನೆರವಿಗೆ ಬರುತ್ತದೆ. ಅಕ್ಷರ, ಪದ, ಪ್ಯಾರಾ, ಕಥೆ ಇವುಗಳಲ್ಲಿ ಯಾವುದನ್ನು ಓದಬಲ್ಲದು ಎಂದು ಪ್ರತಿ ಮಗುವನ್ನೂ ಒಂಟಿಯಾಗಿ ಕೂರಿಸಿ ಕೇಳಿದರೆ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಗುಂಪಿನೊಳಗೆ ಬಲ್ಲವರು ಬರದವರಿಗೆ ಹೇಳಿಕೊಡುವುದು 1823ರಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಕಂಡ ಪದ್ಧತಿಯೇ. ಒಬ್ಬರೇ ಶಿಕ್ಷಕರಿರುವ ಶಾಲೆಗೆ ಅದಕ್ಕಿಂತ ಹೊಂದುವ ಉಪಾಯ ಇಲ್ಲ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರತಂದ ನಿಪುಣ್ ಭಾರತ ಯೋಜನೆ ಮೂರನೇ ತರಗತಿ ಮುಗಿಸುವ ಎಲ್ಲ ಮಕ್ಕಳೂ 2026-27ರೊಳಗೆ ಅರ್ಥಸಹಿತ ಓದು, ಬರಹ, ಲೆಕ್ಕ ಬಲ್ಲವರಾಗಬೇಕು ಎಂದು ಗುರಿ ಇಟ್ಟಿತು. ಹಾಗೆ ಓದಲು ಪಠ್ಯಪುಸ್ತಕವೊಂದೇ ಸಾಲದು. ಗಡಿಯ ಕನ್ನಡ ಶಾಲೆಗೆ ಕನ್ನಡದ ಕಥೆಪುಸ್ತಕಗಳು ತಾವಾಗಿ ಬರುವುದಿಲ್ಲ, ತರಿಸಿಕೊಳ್ಳಬೇಕು. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಚಿತ್ರಕಥೆಗಳು ಪುಕ್ಕಟೆಯಾಗಿ ಸಿಗುತ್ತವೆ, ಇಳಿಸಿಕೊಂಡು ಅಚ್ಚು ಹಾಕಿಸಲು ಅನುಮತಿಯೂ ಇದೆ. ಅಲ್ಲಿನ ಎಷ್ಟೋ ಕಥೆಗಳು ಕನ್ನಡದಲ್ಲೂ ತೆಲುಗಿನಲ್ಲೂ ಇರುವುದರಿಂದ, ಒಂದೇ ಕಥೆಯನ್ನು ಮೊದಲು ಕನ್ನಡದಲ್ಲಿ, ಮುಂದೆ ತೆಲುಗಿನಲ್ಲಿ ಓದಿಸಲು ಆದವಾನಿ ಸೀಮೆಯ ಶಿಕ್ಷಕರು ಅವನ್ನು ಇಂದಿನಿಂದಲೇ ಬಳಸಿಕೊಳ್ಳಬಹುದು.