ಜೀಪಿನ ಜೀರ್ಣೋದ್ಧಾರ

ಯಂತ್ರಗಳಿಗೂ ಜೀರ್ಣೋದ್ಧಾರವುಂಟು. ದೇವಾಲಯದ ಒಂದು ಜಂತಿಯು ಶಿಥಿಲವಾಯಿತೆಂದು ಗುಡಿಯನ್ನೇ ಯಾರೂ ಕೆಡವರು. ಹಳೆಯದರ ಅಳತೆಯನ್ನು ಪ್ರಮಾಣವಾಗಿಟ್ಟು ಹೊಸದನ್ನು ಸೇರಿಸುವರು. ಬೆಳ್ತಂಗಡಿ ತಾಲೂಕಿನ ಗುಡ್ಡದ ಊರುಗಳಲ್ಲಿ ಓಡಾಡುವ ಹಳೆಯ ಜೀಪುಗಳಿಗೂ ಈ ನ್ಯಾಯವು ಸಲ್ಲತಕ್ಕದ್ದು.

ಜೀಪು ಯುದ್ಧಕಾಲದ ಕೂಸು. ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು 1941ರಿಂದ 1945ರ ವರೆಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ಕಟ್ಟಿದುವು. ನಾಲ್ಕು ಸಿಲಿಂಡರು, 60 ಅಶ್ವಶಕ್ತಿ, ನಾಲ್ಕು ಚಕ್ರಗಳಿಗೂ ಚಾಲನೆ, ಬಿಚ್ಚಿ ಕೂಡಿಸಲು ಸುಲಭವಾದ ರಚನೆ: ಇವೇ ಅದರ ಗುಣಗಳು. 1947ರಲ್ಲಿ ಮುಂಬಯಿಯ ಮಹೀಂದ್ರ ಸಂಸ್ಥೆಯು ಅದನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿತು.

ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಹಳೆಯ ಮೋಟಾರುಗಳು ವಿಶ್ರಾಂತಿಯಲ್ಲಿರುವುವು. ದಿಡುಪೆ, ನೆರಿಯ, ಶಿಶಿಲಗಳ ಕಡೆಯ ಏರುದಾರಿಯ ಜೀಪಿಗೆ ಆ ಭಾಗ್ಯವಿಲ್ಲ. ಅಡಿಕೆಯ ಮೂಟೆಯನ್ನೂ ಶಾಲೆಯ ಮಕ್ಕಳನ್ನೂ ಹೊರುವ ಅದೇ ಗಾಡಿಯು ನಡುರಾತ್ರಿಯಲ್ಲಿ ಹೆರಿಗೆಯ ನೋವು ತಿನ್ನುವ ಹೆಣ್ಣುಮಗಳನ್ನೂ ಇಳಿಸಿ ತರಬೇಕಾಗುವುದುಂಟು. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡಗಳು ಜರಿದು ಹೆದ್ದಾರಿಯೇ ಮುಚ್ಚಿತು. ಕಾಡಿನ ಓಣಿಗಳ ಪಾಡನ್ನು ಹೇಳಬೇಕಾದುದಿಲ್ಲ. ಅಂಥ ಸ್ಥಳದಲ್ಲಿ ಎಂಜಿನು ಕಾದು ನಿಂತಿತೆಂದರೆ ಜೀವಕ್ಕೇ ಸಂಚಕಾರ.

ಎಂಜಿನು ಕಾಯುವುದಕ್ಕೆ ಎಷ್ಟೋ ವೇಳೆ ಒಂದು ಕಾಗದದ ತುಂಡು ಕಾರಣವಾಗುವುದು. ನೀರಿನ ಪಂಪು ಎಂಜಿನಿಗೆ ಕೂಡುವ ಸಂದಿನಲ್ಲಿ ದಪ್ಪ ಹಾಳೆಯೊಂದಿರುತ್ತದೆ. ಇದನ್ನು ಮೆಕ್ಯಾನಿಕರು ಪ್ಯಾಕಿಂಗ್ ಎನ್ನುವರು. ಅದು ಹರಿದರೆ ನೀರು ಸೋರಿ, ತಂಪು ತಪ್ಪಿ, ಕಡೆಗೆ ಎಂಜಿನಿನ ತಲೆಯೇ ಸೊಟ್ಟಗಾಗಬಹುದು. ಹಳೆಯ ಮಾದರಿಯ ತಯಾರಾದ ಪ್ಯಾಕಿಂಗ್ ಅಂಗಡಿಯಲ್ಲಿ ದೊರೆಯದಿದ್ದರೆ, ಪ್ಯಾಕಿಂಗ್ ಹಾಳೆಯನ್ನು ತಂದು ಮನೆಯ ಚಾವಡಿಯಲ್ಲಿಯೇ ಕತ್ತರಿಸಿಕೊಳ್ಳಬಹುದು. ರವಿಕೆಯ ಬಟ್ಟೆಯನ್ನು ಅಳತೆಗೆ ಕತ್ತರಿಸಬಲ್ಲ ಗೃಹಿಣಿಗೆ ಇದು ಕಠಿನವಲ್ಲ.

ಕ್ರಮವು ಹೀಗೆ. ಎಂಜಿನು ಪೂರ್ತಿ ತಣಿದ ಮೇಲೆ ನೀರನ್ನು ಇಳಿಸಿ ಪಂಪನ್ನು ಬಿಚ್ಚಬೇಕು. ಹಳೆಯ ಪ್ಯಾಕಿಂಗಿನಲ್ಲಿ ಕಲ್ನಾರು ಇರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಆದುದರಿಂದ ಒಣಗಿದ್ದಾಗ ಉಜ್ಜದೆ, ನೀರಿನಲ್ಲಿ ತೋಯಿಸಿಯೇ ತೆಗೆಯತಕ್ಕದ್ದು, ಮಕ್ಕಳು ದೂರವಿರಲಿ. ಅನಂತರ ಪಂಪಿನ ಮುಖಕ್ಕೆ ತೆಳುವಾಗಿ ಗ್ರೀಸು ಸವರಿ ಹಾಳೆಯ ಮೇಲೆ ಒತ್ತಿದರೆ ಅದರ ಆಕಾರವು ಮೂಡುವುದು. ಹೊಸ ಹಾಳೆಯ ದಪ್ಪವು ಹಳೆಯದಕ್ಕೆ ಸಮನಾಗಿರಬೇಕು. ಹಳೆಯದು ಒತ್ತಡದಿಂದ ತೆಳ್ಳಗಾಗಿರುವುದರಿಂದ ಕೂದಲೆಳೆಯಷ್ಟು ಹೆಚ್ಚಿದ್ದರೆ ದೋಷವಿಲ್ಲ. ಮೊದಲು ಬೋಲ್ಟಿನ ತೂತುಗಳನ್ನು ಕೊರೆದು, ಎರಡು ಬೋಲ್ಟುಗಳನ್ನು ತೂರಿಸಿ, ಹಾಳೆಯು ಸರಿಯಾಗಿ ಕುಳಿತಿತೆಂದು ಕಂಡ ಮೇಲೆ ಅಂಚನ್ನೂ ನೀರು ಹರಿಯುವ ಕಂಡಿಯನ್ನೂ ಕತ್ತರಿಸಬೇಕು. ಅಂಚನ್ನು ಮೊದಲೇ ಕತ್ತರಿಸಿದರೆ ತೂತುಗಳು ಪಕ್ಕಕ್ಕೆ ಸರಿದು ಶ್ರಮವೆಲ್ಲ ವ್ಯರ್ಥವಾಗುವುದು. ಬೋಲ್ಟುಗಳನ್ನು ಒಂದೇ ಸಲಕ್ಕೆ ಬಿಗಿಯದೆ, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯತಕ್ಕದ್ದು. ಬಳಿಕ ನೀರು ತುಂಬಿ, ಎಂಜಿನನ್ನು ಓಡಿಸಿ, ಸಂದು ಒಣಗಿಯೇ ಇರುವುದೇ ಎಂದು ನೋಡಬೇಕು. ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳವನ್ನು ತೆರೆಯಕೂಡದು.

ಈ ವಿದ್ಯೆಗೂ ಮಿತಿಯುಂಟು. ಸಿಲಿಂಡರುಗಳ ಮೇಲಣ ಹೆಡ್ಡಿನ ಪ್ಯಾಕಿಂಗ್ ಉರಿಯ ಶಾಖವನ್ನೂ ಒತ್ತಡವನ್ನೂ ತಾಳಬೇಕಾದುದು. ಅಲ್ಲಿ ಕಾಗದವು ಕ್ಷಣಮಾತ್ರವೂ ನಿಲ್ಲದು. ಬ್ರೇಕು, ಸ್ಟಿಯರಿಂಗುಗಳ ಭಾಗಗಳನ್ನಂತೂ ಮನೆಯಲ್ಲಿ ಮಾಡಲೇಬಾರದು. ಪಂಪಿನ ಪ್ಯಾಕಿಂಗ್ ತಪ್ಪಿದರೆ ನೀರು ಸೋರುವುದು. ಬ್ರೇಕು ತಪ್ಪಿದರೆ ಗಾಡಿಯು ಕಮರಿಗೆ ಇಳಿಯುವುದು. ಯಾವುದು ನಮ್ಮ ಕೈಗೆ ತಕ್ಕದ್ದು, ಯಾವುದು ಅಲ್ಲವೆಂಬ ವಿವೇಕವೇ ಕುಶಲತೆಯ ಮೊದಲ ಪಾಠ.

ಆಷಾಢದ ಮಳೆಗೆ ಮೊದಲೇ ಇಂಥ ಎರಡು ಪ್ಯಾಕಿಂಗುಗಳನ್ನು ಕತ್ತರಿಸಿ, ಸೀಟಿನ ಕೆಳಗಣ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಇರಿಸಿಕೊಳ್ಳುವುದು ಲೇಸು. ಹಪ್ಪಳ ಸಂಡಿಗೆಗಳನ್ನು ಮಳೆಗಾಲಕ್ಕೆಂದು ಕೂಡಿಡುವ ನಮ್ಮ ಮನೆಗಳಿಗೆ ಈ ಮುಂದಾಲೋಚನೆಯನ್ನು ಬೇರೆಯಾಗಿ ಕಲಿಸಬೇಕಾದುದಿಲ್ಲ.