ಹಳೆಯ ಲೆನ್ಸು ಕೊಳ್ಳುವಾಗ

ಕ್ಯಾಮರಾ ಕೊಂಡ ಕೆಲವು ತಿಂಗಳಿಗೆ ಹೊಸ ಛಾಯಾಗ್ರಾಹಕನಿಗೆ ಇನ್ನೊಂದು ಲೆನ್ಸು ಬೇಕೆನಿಸುವುದು ಸಹಜ. ಕ್ಯಾಮರಾದ ಜೊತೆಯಲ್ಲಿ ಬಂದ ಲೆನ್ಸು ಹಗಲು ಬೆಳಕಿನಲ್ಲಿ ಚೆನ್ನಾಗಿಯೇ ದುಡಿಯುತ್ತದೆ. ಸಂಜೆ ನಡುಮನೆಯಲ್ಲಿ ಆಡುತ್ತಿರುವ ಮಗುವಿನ ಚಿತ್ರ ತೆಗೆಯಹೊರಟರೆ ಮಾತ್ರ ಬೆಳಕು ಸಾಲದೆ ಮುಖ ಕಲಸಿಹೋಗುತ್ತದೆ. 50 ಮಿಲಿಮೀಟರಿನ, ಎಫ್ 1.8ರ ಲೆನ್ಸು ಇದಕ್ಕೆ ಒಳ್ಳೆಯ ಪರಿಹಾರ, ಎಫ್ 5.6ರ ಲೆನ್ಸಿಗಿಂತ ಒಂಬತ್ತು ಪಟ್ಟಿಗೂ ಮಿಕ್ಕಿ ಬೆಳಕನ್ನು ಅದು ಒಳಗೆ ಬಿಡುತ್ತದೆ. ಆದರೆ ಒಂದರ ಮೇಲೊಂದು ಹೊಸ ಲೆನ್ಸು ಕೊಳ್ಳುವುದು ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವವರಿಗೆ ಆಗುವ ಮಾತಲ್ಲ. ಆಗ ಕಣ್ಣು ಹಳೆಯ ಮಾಲಿನ ಕಡೆಗೆ ಹೊರಳುತ್ತದೆ.

ಇದರಲ್ಲಿ ಸಂಕೋಚಪಡುವಂಥದೇನೂ ಇಲ್ಲ. ಗಾಜು ಬಟ್ಟೆಯಂತೆ ಸವೆಯುವ ವಸ್ತುವಲ್ಲ. ನಲವತ್ತು ವರ್ಷದ ಹಿಂದೆ ಚೆನ್ನಾಗಿ ಉಜ್ಜಿ ಕೂಡಿಸಿದ ಲೆನ್ಸು, ಒಣಗಿದ ಜಾಗದಲ್ಲಿ ಇದ್ದುದಾದರೆ, ಇಂದಿಗೂ ಸ್ಫುಟವಾದ ಬಿಂಬವನ್ನೇ ಮೂಡಿಸುತ್ತದೆ.

ಒಣಗಿದ ಜಾಗ ಎಂದೆನಷ್ಟೆ. ನಮ್ಮ ನಾಡಿನ ತೊಡಕೆಲ್ಲ ಇರುವುದು ಅಲ್ಲಿಯೇ. ಮಂಗಳೂರಿನಲ್ಲಿ, ಕಾರವಾರದಲ್ಲಿ, ಮಲೆನಾಡಿನಲ್ಲಿ ಮಳೆಗಾಲದ ಮೂರು ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ. ಪೆಟ್ಟಿಗೆಯಲ್ಲಿಟ್ಟ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಅದೇ ಬೂಷ್ಟು ಲೆನ್ಸಿನ ಒಳಗಿನ ಗಾಜುಗಳ ಮೇಲೂ ಬೆಳೆಯಬಲ್ಲುದು. ಅದಕ್ಕೆ ಬೇಕಾದದ್ದು ತೇವದ ಗಾಳಿ, ಕತ್ತಲೆ, ಒಂದಿಷ್ಟು ದೂಳು ಅಥವಾ ಬೆರಳಿನ ಜಿಡ್ಡು, ಇಷ್ಟೇ. ಮೊದಲು ಜೇಡನ ಬಲೆಯಂಥ ಸಣ್ಣ ಎಳೆಗಳು ಕಾಣಿಸುತ್ತವೆ. ಬೂಷ್ಟು ಬೆಳೆಯುತ್ತಾ ಒಂದು ಬಗೆಯ ಆಮ್ಲವನ್ನು ಒಸರುತ್ತದೆ. ಈ ಆಮ್ಲ ಗಾಜಿನ ಮೇಲಿನ ತೆಳುವಾದ ಲೇಪವನ್ನೂ, ಬಹುಕಾಲ ಬಿಟ್ಟರೆ ಗಾಜನ್ನೂ ಕೊರೆಯುತ್ತದೆ. ಎಳೆಯ ಬೂಷ್ಟನ್ನು ಬಲ್ಲ ಕೆಲಸಗಾರ ಬಿಚ್ಚಿ ಒರೆಸಿ ತೆಗೆದಾನು. ಕೊರೆದ ಗುರುತನ್ನು ಒರೆಸುವುದು ಯಾರಿಂದಲೂ ಆಗದು. ಅಂಥ ಲೆನ್ಸಿನಿಂದ ಕಿಟಕಿಯ ಎದುರು ಚಿತ್ರ ತೆಗೆದರೆ ಹಾಲು ಬಳಿದಂತೆ ಮಸುಕಾಗುತ್ತದೆ.

ಆದುದರಿಂದ ಕೊಳ್ಳಹೋಗುವಾಗ ಜೇಬಿನಲ್ಲಿ ಒಂದು ಚಿಕ್ಕ ಟಾರ್ಚು ಇರಲಿ. ಲೆನ್ಸಿನ ಎರಡು ಕಡೆಯ ಮುಚ್ಚಳವನ್ನೂ ತೆಗೆದು, ಬೆಳಕಿನ ಕಂಡಿಯನ್ನು ಪೂರ್ತಿ ತೆರೆದು, ಹಿಂಬದಿಯಿಂದ ಓರೆಯಾಗಿ ಟಾರ್ಚು ಹಿಡಿದು ಮುಂಬದಿಯಿಂದ ನೋಡಿರಿ. ಅಂಗಡಿಯ ದೀಪದಡಿ ಫಳಫಳ ಹೊಳೆಯುತ್ತಿದ್ದ ಗಾಜು ಆಗ ತನ್ನ ಒಳಗುಟ್ಟನ್ನು ಬಿಟ್ಟುಕೊಡುತ್ತದೆ. ಎಳೆ ಎಳೆಯಾಗಿ ಕಂಡರೆ ಬೂಷ್ಟು. ಮಂಜು ಕವಿದಂತಿದ್ದರೆ ಎಣ್ಣೆಯ ಆವಿ ಕೂತಿರಬಹುದು. ಗಾಜಿನ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಅಥವಾ ಗುಳ್ಳೆಯಂಥ ಕಲೆ ಇದ್ದರೆ ಎರಡು ಗಾಜುಗಳನ್ನು ಅಂಟಿಸಿದ ಅಂಟು ಬಿಡುತ್ತಿದೆಯೆಂದು ಅರ್ಥ. ಟಾರ್ಚು ಹಿಡಿಯಗೊಡದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಹೊರಡುವುದೇ ಲೇಸು.

ವಿಚಿತ್ರವೆಂದರೆ, ಹೊಸಬರು ಹೆದರುವುದು ಇದಕ್ಕಲ್ಲ, ದೂಳಿಗೆ. ಹಳೆಯ ಲೆನ್ಸಿನೊಳಗೆ ನಾಲ್ಕಾರು ದೂಳಿನ ಕಣ ಇದ್ದೇ ಇರುತ್ತವೆ. ಚಿತ್ರದಲ್ಲಿ ಅವು ಕಾಣುವುದಿಲ್ಲ. ಮುಂದಿನ ಗಾಜಿನ ಮೇಲೊಂದು ಸಣ್ಣ ಗೀರು ಇದ್ದರೂ ಅಂಜಬೇಕಾಗಿಲ್ಲ, ಬೆಲೆ ಇಳಿಸಲು ಅದು ಒಳ್ಳೆಯ ನೆಪ. ಹಿಂದಿನ ಗಾಜಿನ ಗೀರು ಮಾತ್ರ ಹೆಚ್ಚು ಕೇಡು ಮಾಡುತ್ತದೆ. ಮುಂಬಾಯಿಯ ಲೋಹದ ಅಂಚು ನೆಗ್ಗಿದ್ದರೆ ಲೆನ್ಸು ಬಿದ್ದಿದೆಯೆಂದು ತಿಳಿಯಬೇಕು. ವೃತ್ತಪತ್ರಿಕೆಯ ಒಂದು ಹಾಳೆಯನ್ನು ಗೋಡೆಗಂಟಿಸಿ ನೇರವಾಗಿ ನಿಂತು ಚಿತ್ರ ತೆಗೆದು, ದೊಡ್ಡದು ಮಾಡಿ ನೋಡಿದರೆ ಸಾಕು. ಎಡಗಡೆಯ ಅಕ್ಷರ ಸ್ಪಷ್ಟವಾಗಿದ್ದು ಬಲಗಡೆಯದು ಕಲಸಿದ್ದರೆ ಒಳಗಿನ ಗಾಜು ಜರುಗಿದೆ.

ಲೆನ್ಸು ಚೆನ್ನಾಗಿದ್ದರೂ ನಿಮ್ಮ ಕ್ಯಾಮರಾಕ್ಕೆ ಕೂಡಬೇಕಲ್ಲ! ನಿಕಾನ್ ಕಂಪನಿ 1959ರಲ್ಲಿ ತಂದ ಎಫ್ ಮೌಂಟನ್ನು ದಶಕಗಳ ಕಾಲ ಬಿಡದೆ ನಡೆಸಿಕೊಂಡು ಬಂದಿತು. ಹಾಗೆಂದು ಎಲ್ಲವೂ ಎಲ್ಲದಕ್ಕೂ ಹೊಂದುತ್ತದೆಂದಲ್ಲ. ಡಿ 3500, ಡಿ 5600 ಮುಂತಾದ ಚಿಕ್ಕ ಕ್ಯಾಮರಾಗಳೊಳಗೆ ಫೋಕಸ್ ಮಾಡುವ ಮೋಟಾರು ಇಲ್ಲ, ಹಳೆಯ 'ಎ.ಎಫ್.-ಡಿ' ಲೆನ್ಸುಗಳನ್ನು ಅವಕ್ಕೆ ತೊಡಿಸಿದರೆ ಫೋಕಸನ್ನು ಕೈಯಿಂದಲೇ ತಿರುಗಿಸಬೇಕು. ಕ್ಯಾನನ್ ಕಂಪನಿಯಾದರೋ 1987ರಲ್ಲಿ ಹಳೆಯ ಎಫ್.ಡಿ. ಮೌಂಟನ್ನು ಕೈಬಿಟ್ಟು ಇ.ಎಫ್. ಎಂಬ ಬೇರೊಂದನ್ನು ತಂದಿತು. ಹಳೆಯದರಲ್ಲಿ ಲೆನ್ಸಿನ ಬುಡದಿಂದ ಫಿಲ್ಮಿಗೆ 42 ಮಿಲಿಮೀಟರು ದೂರ, ಹೊಸದರಲ್ಲಿ 44. ಈ ಎರಡು ಮಿಲಿಮೀಟರಿನ ದೆಸೆಯಿಂದ, ಎಫ್.ಡಿ. ಲೆನ್ಸನ್ನು ಬರಿಯ ಉಂಗುರದ ನೆರವಿನಿಂದ ಹೊಸದಕ್ಕೆ ತೊಡಿಸಿದರೆ ದೂರದ ಬೆಟ್ಟ ಎಂದಿಗೂ ಸ್ಪಷ್ಟವಾಗದು. ಕನ್ನಡಿಯಿಲ್ಲದ ಕ್ಯಾಮರಾಗಳಲ್ಲಿ ಈ ದೂರ ಬಹಳ ಕಡಿಮೆ, ಸೋನಿಯ ಇ ಮೌಂಟಿನಲ್ಲಿ 18 ಮಿಲಿಮೀಟರು. ಅಂಥವು ಇರುವವರು ತಕ್ಕ ಉಂಗುರ ಹಾಕಿ ಹೆಚ್ಚುಕಡಿಮೆ ಯಾವ ಹಳೆಯ ಲೆನ್ಸನ್ನಾದರೂ ಬಳಸಬಹುದು, ಫೋಕಸ್ ಮಾತ್ರ ಬಹುಮಟ್ಟಿಗೆ ಕೈಯ ಕೆಲಸ.

ಎಲ್ಲಿ ಕೊಳ್ಳಬೇಕೆಂದರೆ, ಹಿಂದಿರುಗಿಸಲು ಒಂದು ವಾರದ ಅವಕಾಶ ಕೊಡುವ ಅಂಗಡಿಯಲ್ಲಿ. ನೂರಿನ್ನೂರು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ. ಬೆಂಗಳೂರಿನವರಿಗೆ 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇದೆ. ಇಂಥ ಸಂಘಗಳಲ್ಲಿ ಹಳೆಯ ಲೆನ್ಸನ್ನು ಹತ್ತಾರು ವರ್ಷ ಕೈಯಲ್ಲಾಡಿಸಿದವರು ಸಿಗುತ್ತಾರೆ.

ಮನೆಗೆ ತಂದ ಮೇಲೆ ಅದನ್ನು ಬಟ್ಟೆಯ ಬೀರುವಿನಲ್ಲಿ, ಅದರಲ್ಲೂ ಚರ್ಮದ ಚೀಲದಲ್ಲಿ, ಇಡಬೇಡಿರಿ. ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಂದು, ಅದರಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ, ಒಳಗಿನ ತೇವ ತೋರಿಸುವ ಚಿಕ್ಕ ಮಾಪಕ ಇದ್ದರೆ ಸಾಕು. ಮಾಪಕದ ಮುಳ್ಳು ಶೇಕಡಾ 40 ಮತ್ತು 50ರ ನಡುವೆ ನಿಂತಿರಲಿ. ಬಣ್ಣ ತೋರಿಸುವ ಜೆಲ್ಲಿನ ಹರಳು ಬಣ್ಣ ಬದಲಿಸಿದಾಗ ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿ ಬಿಸಿಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆ ಬಾಣಲೆಯನ್ನು ಮಾತ್ರ ಅಡಿಗೆಗೆ ಬಳಸಕೂಡದು.